ಹರಳೆಣ್ಣೆಯ ಫಟ್‌ಫಟಿ

ಓಡುವ ಸೈಕಲ್ಲು ಕೊಟ್ಟು ಓಡದ ಫಟ್‌ಫಟಿ ತಂದವನನ್ನು ಕ್ಯಾಲನೂರಿನ ಜನ ಅದಕ್ಕೆ ಮುಂಚೆ ಕಂಡಿರಲಿಲ್ಲ. ಶಿವರಾತ್ರಿ ಕಳೆದ ಮೂರನೆಯ ದಿನ ಮುನಿಶಾಮಿ ಅದನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ, ಮೇಲೆ ರಾಗಿ ಹುಲ್ಲು ಹೊದಿಸಿಕೊಂಡು ಬಂದ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಎಂಟು ವರ್ಷ ಫಿಟ್ಟರ್ ಆಗಿದ್ದವನು ಅವನು. ಅಪ್ಪನ ಸೊಂಟ ಬಿದ್ದುಹೋದ ಮೇಲೆ ಕೆಲಸ ಬಿಟ್ಟು ಊರು ಸೇರಿದ್ದ. ಗಣಿಯ ಯಾವನೋ ದೊರೆ ಹಿಂದಿನ ಯುದ್ಧದ ಕಾಲಕ್ಕೆ ಸೀಮೆಯಿಂದ ತರಿಸಿದ್ದ ಗಾಡಿಯಂತೆ ಅದು. ದೊರೆ ತನ್ನ ದೇಶಕ್ಕೆ ಹೋದ ಮೇಲೆ ಬಂಗಲೆಯ ಹಿಂದಿನ ಲಾಯದಲ್ಲಿ ಹತ್ತು ಹನ್ನೆರಡು ವರ್ಷ ಕೋಳಿಗಳು ಅದರ ಮೇಲೆ ಕೂತು ನಿದ್ದೆ ಮಾಡಿದ್ದವು. ಕೋಳಿಗಳ ಗುರುತು ಗಾಡಿಯ ಮೇಲೆ ಇನ್ನೂ ಬೆಳ್ಳಗೆ ಉಳಿದಿತ್ತು.

"ಕರೆಯೋ ಹಸು ಕೊಟ್ಟು ಗೊಡ್ಡೆಮ್ಮೆ ಹೊಡ್ಕೊಂಡು ಬಂದವ್ನೆ ನೋಡಿ" ಎಂದಳು ಅವನ ತಾಯಿ ಆವಲಮ್ಮ.

ಜಗಲಿಯ ಮೇಲೆ ಕೂತಿದ್ದ ಅಪ್ಪ ಬಚ್ಚಪ್ಪ ಕೋಲಿನ ತುದಿಯಿಂದ ಹುಲ್ಲು ಸರಿಸಿ ನೋಡಿದ. "ಏನ್ಲಾ ಇದು, ಮುನಿ? ಟೈರೂ ಇಲ್ಲ, ಬೆಲ್ಟೂ ಇಲ್ಲ. ಪೆಟ್ರೋಲು ಅಂದ್ರೆ ಡಿಪ್ಟಿ ಕಮಿಷನರ್ ಕೈಗೇ ಸಿಗದ ಕಾಲ. ಇದಕ್ಕೆ ಏನು ಕುಡಿಸ್ತೀಯ, ಕಲಗಚ್ಚಾ?"

"ಮಾಡ್ತೀನಿ ಕಣಪ್ಪ" ಎಂದಷ್ಟೇ ಹೇಳಿ ಮುನಿಶಾಮಿ ಅದನ್ನು ಕೊಟ್ಟಿಗೆಯ ಮೂಲೆಗೆ ಇಳಿಸಿಕೊಂಡ.

ಅವನ ಹೆಂಡತಿ ಅಕ್ಕಯಮ್ಮ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಕೋಪ ಬರಲಿಲ್ಲ, ನಗುವೂ ಬರಲಿಲ್ಲ. ಒಳಗೆ ಹೋಗಿ ರೇಷ್ಮೆ ಹುಳುವಿನ ತಟ್ಟೆಗಳಿಗೆ ಸೊಪ್ಪು ಹರಡಿದಳು. ಮಗಳು ಅಂಜಿ ತೀರಿಕೊಂಡು ಆಗ ನಲವತ್ತು ದಿನವಾಗಿತ್ತು. ಆ ನಲವತ್ತು ದಿನದಲ್ಲಿ ಅವಳಿಗೆ ಏನೂ ಬಂದಿರಲಿಲ್ಲ, ಅಳು ಕೂಡ. ಮುದ್ದೆ ತಿನ್ನುತ್ತಿದ್ದಳು, ನೀರು ಸೇದುತ್ತಿದ್ದಳು, ಕರೆದರೆ ಓ ಅನ್ನುತ್ತಿದ್ದಳು. ಊರ ಹೆಂಗಸರು "ಎಂಥ ಗಟ್ಟಿ ಜೀವ" ಎಂದು ಹೊಗಳಿ ಹೋಗಿದ್ದರು. ಹೊಗಳಿಕೆಯೋ ಬೈಗಳೋ ಎಂದು ಅವಳು ತಿಳಿಯಲೂ ಹೋಗಲಿಲ್ಲ.

ನಡೆದದ್ದು ಇಷ್ಟು. ನಾಲ್ಕು ವರ್ಷದ ಅಂಜಿಗೆ ಗಂಟಲು ಕಟ್ಟಿಕೊಂಡು ಜ್ವರ ಏರಿತ್ತು. ಎರಡು ದಿನ ಮನೆಮದ್ದು ನೋಡಿ, ಮೂರನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಕೋಲಾರದ ಆಸ್ಪತ್ರೆಗೆಂದು ಬಸ್ಸು ಹತ್ತಿದರು. ಯುದ್ಧದಿಂದಾಗಿ ಪೆಟ್ರೋಲಿಲ್ಲದ ಕಾಲ, ಬಸ್ಸಿನ ಬೆನ್ನಿಗೆ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಲು ಸುಟ್ಟು, ಆ ಹೊಗೆಯಿಂದಲೇ ಓಡಿಸುತ್ತಿದ್ದರು. ಊರು ಬಿಟ್ಟು ಮೂರು ಮೈಲಿಗೆ, ಹುಣಸೆ ತೋಪಿನ ದಿಣ್ಣೆ ಹತ್ತುವಾಗ ಬಸ್ಸು ನಿಂತಿತು. ಡ್ರೈವರ್ ಕೈಚೆಲ್ಲಿದ. ಮುನಿಶಾಮಿ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, "ಕಾಲು ಗಂಟೆ ಕಣೇ, ನಾನು ನೋಡ್ತೀನಿ" ಎಂದು ಕೆಳಗಿಳಿದ. ಅಷ್ಟರಲ್ಲಿ ಕೋಲಾರದ ಕಡೆಗೆ ಖಾಲಿ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಲ್ಲಿಸಿ, "ಕೂಸಿಗೆ ಹುಷಾರಿಲ್ವಾ? ಹತ್ತಿಸಿ, ಎತ್ತು ಜೋರಾಗವೆ" ಎಂದ. ಮುನಿಶಾಮಿ ತಲೆಯೆತ್ತದೆ, "ಬೇಡಪ್ಪ, ಇನ್ನು ಕಾಲು ಗಂಟೆ" ಎಂದ. ಗಾಡಿಯವನು ಸ್ವಲ್ಪ ಹೊತ್ತು ನಿಂತಿದ್ದು ಹೋದ. ಎತ್ತಿನ ಗೆಜ್ಜೆ ಸದ್ದು ದಿಣ್ಣೆಯ ಆಚೆಗೆ ಇಳಿಯಿತು.

ಕಾಲು ಗಂಟೆ ಕಾಲು ಗಂಟೆ ಎಂದು ಹತ್ತು ಕಾಲು ಗಂಟೆ ಆಯಿತು. ಕಡೆಗೆ ಬಸ್ಸು ಗುಡುಗಿತು. ಜನ "ಭೇಷ್ ಮೇಸ್ತ್ರಿ" ಎಂದು ಚಪ್ಪಾಳೆ ಹೊಡೆದರು. ಮುನಿಶಾಮಿ ಮಸಿ ಮೆತ್ತಿದ ಮುಖ ಹೊತ್ತು ಕಿಟಕಿಯ ಹತ್ತಿರ ಬಂದು, ಹಲ್ಲು ಬಿಟ್ಟು ನಕ್ಕು, "ಆಯ್ತು ಕಣೇ" ಎಂದ. ತೊಡೆಯ ಮೇಲಿನ ಕೂಸಿನ ಭಾರ ಬೇರೆಯಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಅಕ್ಕಯಮ್ಮ ಹೇಳಲಿಲ್ಲ. ಬಸ್ಸು ಹೊರಟು, ಅವನು ಪಕ್ಕದಲ್ಲಿ ಕೂತು ಕೂಸಿನ ಹಣೆ ಮುಟ್ಟಿ ನೋಡುವವರೆಗೂ ಹೇಳಲಿಲ್ಲ.

ಆ ದಿನದಿಂದ ಅವಳು ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ಗಾಡಿ ಹತ್ತಿಸಬೇಕಿತ್ತು ಎಂದು ಅವನು ಒಂದು ಸಲ ಬಾಯಿಬಿಟ್ಟು ಹೇಳಬೇಕು. ಅಷ್ಟೇ. ಹೇಳಿದರೆ ಏನಾಗುತ್ತದೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಹೇಳದೆ ಹೋದರೆ ಆ ಮನೆಯಲ್ಲಿ ಇರುವುದು ತನ್ನ ಕೈಲಾಗದು ಎನ್ನುವುದು ಮಾತ್ರ ಗೊತ್ತಿತ್ತು. ಅವನು ಅದನ್ನು ಬಿಟ್ಟು ಫಟ್‌ಫಟಿ ತಂದ.

ಯುಗಾದಿಯ ಮಾರನೆಯ ದಿನ ರಾಯಲ್ಪಾಡಿನಿಂದ ಅವಳ ತಮ್ಮ ಸೀನಪ್ಪ ಬಂದ. ಆವಲಮ್ಮ ಅಕ್ಕಯಮ್ಮನಿಗೆ ಅತ್ತೆ ಮಾತ್ರವಲ್ಲ, ಅಪ್ಪನ ಸ್ವಂತ ತಂಗಿ. ಹಾಗಾಗಿ ಇಬ್ಬರಿಗೂ ತವರು ಒಂದೇ. ಸೀನಪ್ಪ ಊಟಕ್ಕೆ ಕೂತು ಹುರುಳಿ ಸಾರಿಗೆ ಮುದ್ದೆ ಅದ್ದುತ್ತಾ ಸುತ್ತ ನೋಡಿದ.

"ಏನತ್ತಾ, ಸಾರಿಗೆ ಒಗ್ಗರಣೇನೂ ಇಲ್ವಾ? ಹಬ್ಬದ ಮಾರನೇ ದಿನವೇ ಹಿಂಗೆ?"

"ಹುಳು ಇಟ್ಟಿದ್ದೀವಿ ಕಣೋ. ಒಗ್ಗರಣೆ ವಾಸನೆ ಹುಳಕ್ಕೆ ಆಗಲ್ಲ" ಎಂದಳು ಆವಲಮ್ಮ.

"ಒಗ್ಗರಣೆ ಆಗಲ್ಲ. ಬಾವ ಕೊಟ್ಟಿಗೇಲಿ ಸೀಮೆಎಣ್ಣೇಲಿ ಸ್ನಾನ ಮಾಡ್ತಾ ಕೂತವ್ನೆ, ಅದು ಆಗ್ತದಾ?"

ಅಕ್ಕ ಕೈ ತೊಳೆಯಲು ನೀರು ಕೊಡುವಾಗ ಸೀನಪ್ಪ ಮೆಲ್ಲಗೆ, "ಪದಕ್ಕಾ, ಮನಿಂಟಿಕಿ ಪೋದಾಂ. ನಾಲ್ಕು ತಿಂಗಳು ಇದ್ದು ಬರುವಂತೆ" ಎಂದ. ನಮ್ಮ ಮನೆಗೆ ಹೋಗೋಣ ಎಂದು ತಮ್ಮ ತೆಲುಗಿನಲ್ಲಿ ಕರೆದಾಗ ಅವಳ ಎದೆಯಲ್ಲಿ ಏನಾದರೂ ಕದಲಬೇಕಿತ್ತು, ಕದಲಲಿಲ್ಲ.

"ಈ ಹುಳು ಗೂಡು ಕಟ್ಟಿಬಿಡಲಿ" ಎಂದಳು. "ಆಮೇಲೆ ಬರ್ತೀನಿ. ನಾಲ್ಕು ತಿಂಗಳಿಗಲ್ಲ."

ಸೀನಪ್ಪ ಅಕ್ಕನ ಮುಖ ನೋಡಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಆವಲಮ್ಮನ ಕೈ ಒಂದು ಗಳಿಗೆ ನಿಂತು ಮತ್ತೆ ಆಡಿತು. ಆ ಮುದುಕಿಯ ಕಿವಿ ಬಲು ಚುರುಕು.

ವಾರಗಳು ಹೀಗೇ ಹೋದವು. ಬೆಳಿಗ್ಗೆ ಮುನಿಶಾಮಿ ಎತ್ತು ಕಟ್ಟಿ ಬಾವಿಯ ಕಪಿಲೆ ಹೊಡೆದು ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುತ್ತಿದ್ದ, ಅದರಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಬಿಸಿಲು ಏರುತ್ತಿದ್ದ ಹಾಗೆ ಕೊಟ್ಟಿಗೆ ಸೇರುತ್ತಿದ್ದ. ಗಾಡಿಯನ್ನು ಪೂರ್ತಿ ಬಿಚ್ಚಿ, ಒಂದೊಂದು ತುಂಡನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ ತಿಕ್ಕಿ, ಗೋಣಿಚೀಲದ ಮೇಲೆ ಸಾಲಾಗಿ ಹರಡುತ್ತಿದ್ದ. ತುಕ್ಕು ಹಿಡಿದ ಮೊಳೆಯನ್ನೂ ಎಸೆಯುತ್ತಿರಲಿಲ್ಲ. ಕಂಡ ಕಂಡವರು ಬಂದು ನೋಡಿ, ಒಂದೊಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಅವನು ಎಲ್ಲರಿಗೂ "ಮಾಡ್ತೀನಿ" ಎನ್ನುತ್ತಿದ್ದ.

ಜಗಳವೂ ಆಗದಿರಲಿಲ್ಲ.

"ಕಾರ್ಡಿಗೆ ಸಿಕ್ಕೋದೇ ಎರಡು ಬಾಟ್ಲಿ ಸೀಮೆಎಣ್ಣೆ. ಅದನ್ನೂ ಆ ಕಬ್ಬಿಣಕ್ಕೆ ಸುರಿದ್ರೆ ಬುಡ್ಡಿಗೆ ಏನು ಹಾಕ್ಲಿ?" ಎಂದು ಆವಲಮ್ಮ ಬಾಟಲಿ ತಲೆಕೆಳಗು ಮಾಡಿ ತೋರಿಸಿದಳು.

"ಹೊತ್ತಿರೋಹಾಗೇ ಉಂಡುಬಿಡೋಣ ಕಣಮ್ಮ."

"ಉಂಡುಬಿಡೋಣ! ನಿಮ್ಮಪ್ಪ ರಾತ್ರಿ ಎದ್ದು ಹೊಸ್ತಿಲು ಎಡವಿದ್ರೆ ಆ ಸೊಂಟಕ್ಕೂ ನಟ್ಟು ಬೋಲ್ಟು ಹಾಕ್ತೀಯೇನು?"

"ಬಿಡೇ" ಎಂದ ಬಚ್ಚಪ್ಪ. "ಮಾಡ್ಕೊಳ್ಳಲಿ ಬಿಡು."

ಅವನು ಬಿಡು ಎಂದದ್ದು ಕರುಣೆಯಿಂದಲೇ. ಆ ಮನೆಯಲ್ಲಿ ಕರುಣೆಗೆ ಕೊರತೆಯಿರಲಿಲ್ಲ. ಒಬ್ಬರ ಗಾಯ ಒಬ್ಬರು ಮುಟ್ಟದ ಹಾಗೆ ನಾಲ್ಕು ಜನವೂ ಗೋಡೆ ಹಿಡಿದು ಓಡಾಡುತ್ತಿದ್ದರು. ಮುಟ್ಟಿ ಕೀವು ತೆಗೆಯುವವರು ಮಾತ್ರ ಯಾರೂ ಇರಲಿಲ್ಲ.

ಹೊಸ ಟೈರು ಟ್ಯೂಬು ಸಿಗದೆ, ಎಲ್ಲಿಂದಲೋ ತಂದ ಹಳೆಯ ಟೈರಿನೊಳಗೆ ತೆಂಗಿನ ನಾರು ಗಿಡಿದು ತುಂಬಿ ಹೊಲಿದ. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ಬೆಲ್ಟನ್ನು ಕಪಿಲೆಯ ತೊಗಲಿನಿಂದ ಆವಲಪ್ಪ ಹೊಲಿದುಕೊಟ್ಟ. ಊರಿನ ಕಪಿಲೆಗಳ ತೊಗಲ ಬಾನಿಗಳನ್ನೆಲ್ಲ ಹೊಲಿಯುವವನು ಅವನೇ. "ನೀರು ಎತ್ತೋ ತೊಗಲು ಕಣಣ್ಣ, ಇದು ಹೊಗೆ ಕಂಡು ಹೆದರೀತು" ಎಂದು ಅವನು ತಮಾಷೆ ಮಾಡಿದ. ಮುನಿಶಾಮಿ ನಗಲಿಲ್ಲ. ಅವನು ನಕ್ಕಿದ್ದನ್ನು ಅಕ್ಕಯಮ್ಮ ಕಡೆಯದಾಗಿ ನೋಡಿದ್ದು ಬಸ್ಸಿನ ಕಿಟಕಿಯಲ್ಲಿ.

ಒಂದು ಶನಿವಾರ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಮ್ಮ, ಹರಳೆಣ್ಣೆ ಇದೆಯಾ?"

"ಯಾಕೆ, ಹೊಟ್ಟೆ ಕಟ್ಟಿದೆಯಾ?"

"ಎಂಜಿನ್ನಿಗೆ. ಈ ಜಾತಿ ಎಂಜಿನ್ನಿಗೆ ಹರಳೆಣ್ಣೆನೇ ಆಗ್ಬೇಕು. ದೊರೆಗಳೂ ಅದನ್ನೇ ಹಾಕ್ತಿದ್ರಂತೆ."

ಎಣ್ಣೆ ಇತ್ತು. ಹೋದ ವರ್ಷದ ಹರಳು ಹುರಿದು, ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ಆವಲಮ್ಮನೇ ಕೈಯಾರೆ ತೆಗೆದಿಟ್ಟ ಎಣ್ಣೆ. ಶನಿವಾರ ಶನಿವಾರ ಅಂಜಿಯ ನೆತ್ತಿಗೆ ತಟ್ಟಿ ತಟ್ಟಿ ಹಚ್ಚುತ್ತಿದ್ದುದು ಅದನ್ನೇ. ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆಯೂ ಅಂಜಿಯ ಹಳೆಯ ಲಂಗದ್ದು. ಆವಲಮ್ಮ ಗೂಡಿನಿಂದ ಮಡಕೆ ಇಳಿಸಿ, ಸೊಸೆಯ ಮುಖ ನೋಡದೆ, ಮಗನ ಮುಖವನ್ನೂ ನೋಡದೆ ಮುಂದಕ್ಕೆ ನೀಡಿದಳು.

"ತಗೊಂಡು ಹೋಗು. ಎರೆಯೋಕೆ ತಲೆ ಇಲ್ಲದ ಮನೇಲಿ ಎಣ್ಣೆ ಇಟ್ಕೊಂಡು ಏನು ಮಾಡೋದು."

ಅಕ್ಕಯಮ್ಮ ಒಲೆಗೆ ಪುಳ್ಳೆ ದೂಡಿದಳು. ಈಗಲಾದರೂ ಹೇಳುತ್ತಾನೆ ಎಂದುಕೊಂಡಳು. ಅವನು ಮಡಕೆ ತೆಗೆದುಕೊಂಡು ಹೋದ. ಮಡಕೆಯ ತಳದಲ್ಲಿ ಒಂದು ಸೌಟಿನಷ್ಟು ಉಳಿಸಿ ಸಂಜೆ ತಂದಿಟ್ಟ.

ಹುಳುಗಳು ಮಾತ್ರ ಚೆನ್ನಾಗಿ ಎದ್ದಿದ್ದವು. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆಯೆತ್ತಿ ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳು ಗೂಡು ಕಟ್ಟಿದ ಹಾಗೆಯೇ ಲೆಕ್ಕ. ಅಕ್ಕಯಮ್ಮನ ಹುಳು ನಾಲ್ಕನೆಯ ಜ್ವರವನ್ನೂ ಎದ್ದು, ಕಿರುಬೆರಳಿನಷ್ಟು ದಪ್ಪವಾಗಿ, ಸೊಪ್ಪು ತಿನ್ನುವ ಸದ್ದು ನಡುಮನೆಗೆಲ್ಲ ಕೇಳುತ್ತಿತ್ತು. ಎದ್ದವಲ್ಲ ಎಂದು ಅವಳಿಗೆ ಎಲ್ಲೋ ಒಂದು ಚೂರು ಸಮಾಧಾನವಾಗಿತ್ತು. ಇನ್ನು ಐದಾರು ದಿನ, ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ಮುಗಿಯಿತು. ಆಮೇಲೆ ರಾಯಲ್ಪಾಡು.

ಆ ವಾರ ಬಿಸಿಗಾಳಿ ಎದ್ದಿತು. ಕೊಯ್ದು ತಂದ ಸೊಪ್ಪು ಗಳಿಗೆಯಲ್ಲಿ ಬಾಡುತ್ತಿತ್ತು. ಬಾಡದಿರಲೆಂದು ಸೊಪ್ಪಿನ ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸುವುದು ವಾಡಿಕೆ. ಇದ್ದ ಎರಡು ಗೋಣಿ ಸಾಲದೆ, ಆವಲಮ್ಮ ಹಿತ್ತಲ ಬೇಲಿಯ ಮೇಲೆ ಒಣಗುತ್ತಿದ್ದ ಇನ್ನೊಂದು ಗೋಣಿಯನ್ನು ಎಳೆದು, ಸೀಗೆಪುಡಿ ಹಾಕಿ ಎರಡು ಸಲ ಕುಕ್ಕಿ ಒಗೆದು, ನೀರು ಚಿಮುಕಿಸಿ ಸೊಪ್ಪಿನ ಮೇಲೆ ಹಾಸಿದಳು. ಮುನಿಶಾಮಿ ಎರಡು ತಿಂಗಳು ಎಂಜಿನ್ನಿನ ತುಂಡುಗಳನ್ನು ಹರಡಿದ್ದ ಗೋಣಿ ಅದು. ಒಗೆಯುವಾಗ ಅವಳಿಗೆ ಸೀಮೆಎಣ್ಣೆಯ ವಾಸನೆ ಹತ್ತಲಿಲ್ಲ. ಸೊಪ್ಪು ಹಾಕುವಾಗ ಅಕ್ಕಯಮ್ಮನಿಗೂ ಹತ್ತಲಿಲ್ಲ. ಆ ಮನೆಯಲ್ಲಿ ಶಿವರಾತ್ರಿಯಿಂದ ಗಾಳಿಯೇ ಸೀಮೆಎಣ್ಣೆಯಾಗಿತ್ತು. ಯಾರ ಮೂಗಿಗೂ ಬೇರೆ ಎಂದು ಗೊತ್ತಾಗುತ್ತಿರಲಿಲ್ಲ.

ಬೆಳಿಗ್ಗೆ ಹುಳುಗಳು ಮೇವು ಮುಟ್ಟಿರಲಿಲ್ಲ. ತಲೆ ಆಡಿಸಿ ಆಡಿಸಿ ಹಸಿರು ನೀರು ಕಕ್ಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆಯೂ ಮುದುರಿ ಮಲಗಿತು. ತಿನ್ನುವ ಸದ್ದು ನಿಂತ ಮನೆ ಬಿಕೋ ಎಂದಿತು.

ಬಚ್ಚಪ್ಪ ಕೋಲೂರಿಕೊಂಡು ಒಳಗೆ ಬಂದು, ಸೊಪ್ಪಿನ ರಾಶಿಯ ಪಕ್ಕ ಬಗ್ಗಿ, ಗೋಣಿಯನ್ನು ಮೂಗಿಗೆ ಹಿಡಿದ. ದಿನವೆಲ್ಲ ಜಗಲಿಯ ಗಾಳಿಯಲ್ಲಿ ಕೂರುವವನು ಅವನೊಬ್ಬನೇ.

"ಯಾರೇ ಈ ಗೋಣಿ ಹೊದಿಸಿದ್ದು?"

"ನಾನೇ" ಎಂದಳು ಆವಲಮ್ಮ, ಕೂಡಲೇ. "ಒಗ್ದೇ ಹಾಕ್ದೆ. ಆದ್ರೂ ಹಾಕಿದ್ದು ನಾನೇ. ನನ್ನ ಕೈಗೆ ಬರಬಾರದ್ದು ಬರ. ಅರವತ್ತು ವರ್ಷದಿಂದ ಹುಳು ಸಾಕ್ತಿದ್ದೀನಿ, ನನಗೆ ಗೊತ್ತಾಗ್ಬಾರ್ದಾ?"

"ನಿಂದೇನಮ್ಮ ತಪ್ಪು" ಎಂದ ಬಾಗಿಲಲ್ಲಿ ನಿಂತಿದ್ದ ಮುನಿಶಾಮಿ. "ಸೀಮೆಎಣ್ಣೆ ಸುರಿದಿದ್ದು ನಾನು. ಬೇಲಿ ಮೇಲೆ ಹಾಕಿದ್ದೂ ನಾನು. ಸುಟ್ಟು ಹಾಕ್ಬೇಕಿತ್ತು. ತಪ್ಪು ನಂದೇ."

"ಅಲ್ಲ ಕಣೋ, ನಂದು."

"ನಂದಮ್ಮ."

ಅಕ್ಕಯಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಅವಳ ಬಾಯಿಂದ ನಗುವಿನ ಹಾಗೆ ಒಂದು ಸದ್ದು ಹೊರಟಿತು. ಅತ್ತೆ ಬೆಚ್ಚಿ ತಿರುಗಿದಳು.

"ಹುಳಕ್ಕೆ ಇಬ್ಬಿಬ್ಬರು ಒಪ್ಕೊಂಡ್ರಿ" ಎಂದಳು ಅಕ್ಕಯಮ್ಮ. ಧ್ವನಿ ಏರಲೂ ಇಲ್ಲ, ನಡುಗಲೂ ಇಲ್ಲ. "ನಂದು ನಂದು ಅಂತ ಜಗಳ ಬೇರೆ. ಹುಳಕ್ಕೆ."

ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಚ್ಚಪ್ಪ ಗೋಣಿಯನ್ನು ಕೆಳಗೆ ಬಿಟ್ಟ. ಮುನಿಶಾಮಿ ಬಾಗಿಲು ಬಿಟ್ಟು ಒಳಗೆ ಬಂದ. ಈಗ ಹೇಳುತ್ತಾನೆ ಎಂದು ಅವಳು ಅವನನ್ನೇ ನೋಡಿದಳು. ಅವನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ತಿಪ್ಪೆಯ ಕಡೆಗೆ ಹೊರಟುಹೋದ.

ಅಂದೇ ಸಂಜೆ ಅವಳು ಬಚ್ಚಪ್ಪನ ಮುಂದೆ ಹೋಗಿ ನಿಂತಳು. "ಮಾವ, ಸೀನಪ್ಪನಿಗೆ ಒಂದು ಕಾರ್ಡು ಬರೆಸಿ. ಹುಳು ಮುಗೀತು, ಬಾ ಅಂತ."

"ಅಕ್ಕಯ್ಯ, ನಿಧಾನವಾಗಿ ಯೋಚ್ನೆ ಮಾಡಮ್ಮ."

"ಯೋಚ್ನೆ ಮಾಡೋಕೆ ಏನೂ ಇಲ್ಲ ಮಾವ."

ಕಾರ್ಡು ಹೋಯಿತು. ಬರುವ ಸೋಮವಾರ ಬರುತ್ತೇನೆ ಎಂದು ಉತ್ತರವೂ ಬಂತು. ಆವಲಮ್ಮ ಅದನ್ನು ಓದಿಸಿಕೊಂಡು ಕೇಳಿ, ಬಹಳ ಹೊತ್ತು ಮೊರದಲ್ಲಿ ರಾಗಿ ಕೇರಿದಳು.

"ನಾನೂ ಬರ್ಲಾ ಕಣೇ?" ಎಂದಳು ಕಡೆಗೆ. "ಅದು ನನ್ನ ತವರೂ ಹೌದು."

"ಮಾವನಿಗೆ ಮುದ್ದೆ ಯಾರು ತೊಳಸ್ತಾರೆ?"

"ಅದೂ ಹೌದು" ಎಂದು ಆವಲಮ್ಮ ಮತ್ತೆ ಕೇರತೊಡಗಿದಳು.

ಶುಕ್ರವಾರ ಮುನಿಶಾಮಿ ಗಣಿಗೆ ಹೋಗಿ ಶನಿವಾರ ಬಂದ. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಬಾಟಲಿ. ವರ್ಕ್‌ಶಾಪಿನ ಹಳೆಯ ಗೆಳೆಯರು ಲಾರಿಯ ಟ್ಯಾಂಕಿನ ತಳದಿಂದ ಬಸಿದುಕೊಟ್ಟ ಪೆಟ್ರೋಲು.

"ಇಷ್ಟೇನಾ?" ಎಂದ ಬಚ್ಚಪ್ಪ.

"ಇಷ್ಟೇ. ಕೋಲಾರಕ್ಕೆ ಹೋಗೋಕೆ ಸಾಕು, ವಾಪಸ್ ಬರೋಕೆ ಸಾಲದು."

ಭಾನುವಾರ ಬೆಳಿಗ್ಗೆ, ಕಪಿಲೆ ಹೊಡೆದು ಬಂದು, ಮೈ ತೊಳೆದು, ಅವನು ಗಾಡಿಯನ್ನು ಅಂಗಳಕ್ಕೆ ತಂದ. ಟ್ಯಾಂಕು ಕಪ್ಪಗೆ ಹೊಳೆಯುತ್ತಿತ್ತು. ಮೂರು ಸಲ ಒದ್ದ, ಕೆಮ್ಮಿತು. ನಾಲ್ಕನೆಯ ಸಲಕ್ಕೆ ಗಾಡಿ ಫಟ್‌ಫಟ್ ಎಂದು ಶುರುವಾಗಿ, ಹಸು ಹಗ್ಗ ಕಿತ್ತುಕೊಳ್ಳುವಷ್ಟು ಗದ್ದಲ ಎಬ್ಬಿಸಿ, ನೀಲಿ ಹೊಗೆ ಬಿಟ್ಟಿತು. ಆ ಹೊಗೆ ಅಂಗಳ ದಾಟಿ, ಜಗಲಿ ಹತ್ತಿ ಒಳಗೆ ಬಂತು.

ಆವಲಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಬಿಸಿ ಹರಳೆಣ್ಣೆ. ಶನಿವಾರದ ಎಣ್ಣೆನೀರಿನ, ಅಂಜಿಯ ನೆತ್ತಿಯ ವಾಸನೆ. ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಕ್ಕಯಮ್ಮನೂ ಆ ವಾಸನೆ ಎಳೆದುಕೊಂಡಳು. ಗುರುತು ಸಿಕ್ಕಿತು. ಅಷ್ಟೇ, ಬೇರೇನೂ ಆಗಲಿಲ್ಲ. ಇದಕ್ಕೂ ನನಗೆ ಅಳು ಬರುವುದಿಲ್ಲವಾದರೆ ಇನ್ನು ಬರುವುದಿಲ್ಲ ಎಂದು ಅವಳಿಗೆ ಹೆದರಿಕೆಯಾಯಿತು.

ಮುನಿಶಾಮಿ ಅವಳ ಕಡೆ ತಿರುಗಿದ. "ಬಾ, ಕೂತ್ಕೋ."

"ಎಲ್ಲಿಗೆ?"

"ದಿಣ್ಣೆವರೆಗೆ."

ಬಚ್ಚಪ್ಪ ಬೀದಿಯ ಕಡೆ ನೋಡಿದ. ಊರ ಮುಂದೆ ಸೊಸೆ ಗಂಡನ ಬೆನ್ನಿಗೆ ಕೂತು ಫಟ್‌ಫಟಿಯಲ್ಲಿ ಹೋಗುವುದೆಂದರೆ ಬೇಸಗೆಯುದ್ದಕ್ಕೂ ಬಾವಿಕಟ್ಟೆಗೆ ಮಾತಿನ ಸುಗ್ಗಿ. ಆದರೆ ಆವಲಮ್ಮನೇ ಮೂಗು ಒರೆಸಿಕೊಂಡು, "ಸೆರಗು ಸಿಕ್ಕಿಸ್ಕೊಳ್ಳೇ, ಚಕ್ರಕ್ಕೆ ಸಿಕ್ಕೀತು" ಎಂದಳು. ಅಕ್ಕಯಮ್ಮ ಕ್ಯಾರಿಯರಿನ ಮೇಲೆ ಒಂದೇ ಕಡೆಗೆ ಕಾಲು ಹಾಕಿ ಕೂತಳು.

ಮೂರು ಮೈಲಿ ಎಂದರೆ ಇಷ್ಟೇ ಹೊತ್ತೇ ಎನ್ನುವಷ್ಟರಲ್ಲಿ ಹುಣಸೆ ತೋಪು ಬಂತು. ದಿಣ್ಣೆಯ ಅರ್ಧಕ್ಕೆ, ಬಸ್ಸು ನಿಂತಿದ್ದ ಜಾಗದಲ್ಲೇ, ಅವನು ಎಂಜಿನ್ ನಿಲ್ಲಿಸಿದ. ರಸ್ತೆಯ ಪಕ್ಕ ಆ ದಿನ ಕೆದಕಿ ಹಾಕಿದ್ದ ಇದ್ದಲ ಬೂದಿ ಇನ್ನೂ ಕಪ್ಪಗೆ ಇತ್ತು. ಇಬ್ಬರೂ ಇಳಿದು ನಿಂತರು. ಅವನು ಗಾಡಿಯ ಹಿಡಿ ಬಿಡಲಿಲ್ಲ.

"ಗಾಡಿ ಹತ್ತಿಸಬೇಕಿತ್ತು" ಎಂದ.

ಅವಳು ಸಿಕ್ಕಿಸಿಕೊಂಡಿದ್ದ ಸೆರಗು ಬಿಡಿಸಿಕೊಂಡಳು.

"ಬೇಗ ಆಗೊಲ್ಲ ಅಂತ ಅರ್ಧ ಗಂಟೆಗೇ ನನಗೆ ಗೊತ್ತಾಗಿತ್ತು ಕಣೇ. ಜನ ಎಲ್ಲ ಸುತ್ತ ನಿಂತ್ಕೊಂಡು ನೋಡ್ತಿದ್ರು. ಬಿಟ್ಟು ಎದ್ದು ಬರೋಕೆ ನಾಚಿಕೆ ಆಯ್ತು. ಆಮೇಲೆ ಅದು ಆಗಿದ್ದು ನೋಡಿ, ಕೂಸಿನ ನೆನಪೇ ಇಲ್ದಂಗೆ ಖುಷಿ ಆಯ್ತು. ನಕ್ಕೊಂಡು ಬಂದೆ."

ನೂರಕ್ಕೂ ಹೆಚ್ಚು ದಿನ ಕಾದಿದ್ದ ಮಾತು. ಬಂದಿತ್ತು. ಕೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದಳೋ, ಹೊತ್ತಿ ಉರಿಯುತ್ತದೆ ಎಂದುಕೊಂಡಿದ್ದಳೋ. ಎರಡೂ ಆಗಲಿಲ್ಲ. ಅದರ ಹಿಂದೆ ಇನ್ನೊಂದು ಮಾತು ಇತ್ತು, ಅದು ತನ್ನದು, ಇಷ್ಟು ದಿನವೂ ಅವನ ಮಾತಿನ ಬೆನ್ನಿಗೆ ಅವಿತುಕೊಂಡಿತ್ತು ಎಂದು ಅವಳಿಗೆ ಆಗ ತಿಳಿಯಿತು.

"ಗಾಡಿಯವನು ಎರಡು ಸಲ ಕರೆದ, ಬಾವ" ಎಂದಳು. "ನೀನು ಬೇಡ ಅಂದ್ಮೇಲೆ ಕಿಟಕಿ ಹತ್ರ ಬಂದು ನನ್ನ ನೋಡಿ ಕರೆದ. ನೀನಾದ್ರೂ ಬಾ ತಾಯಿ ಅಂದ. ಕೂಸು ನನ್ನ ಕೈಯಲ್ಲೇ ಇತ್ತು. ನಾನೂ ಇಳೀಲಿಲ್ಲ."

ಅವನು ತಲೆಯೆತ್ತಿ ನೋಡಿದ.

"ನನ್ನ ಗಂಡ ರಿಪೇರಿ ಮಾಡ್ತಾನೆ, ಅಂತ ಪಕ್ಕದಲ್ಲಿ ಕೂತಿದ್ದೋಳಿಗೆ ಹೇಳ್ಕೊಂಡೆ. ಜಂಬ ಪಟ್ಕೊಂಡೆ."

ತೋಪಿನಲ್ಲಿ ಒಣಗಿದ ಹುಣಸೆಕಾಯಿ ಗಾಳಿಗೆ ಗಲಗಲ ಅಂದವು. ಅವನು ಗಾಡಿಯನ್ನು ಮರಕ್ಕೆ ಒರಗಿಸಿದ, ಇಬ್ಬರೂ ಆ ಬೂದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಅವನು ಒಂದು ಇದ್ದಲ ಚೂರು ತೆಗೆದು ಬೆರಳಲ್ಲಿ ಪುಡಿ ಮಾಡಿದ.

"ಕೋಲಾರದವರೆಗೂ ಹೋಗೋಣಾ ಅಂದ್ಕೊಂಡಿದ್ದೆ" ಎಂದ.

"ಅಲ್ಲಿ ಏನಿದೆ?"

"ಏನೂ ಇಲ್ಲ."

"ಮತ್ತೆ ಎಂಜಿನ್ ಹಚ್ಚಬೇಡ. ಹಿಂಗೇ ತಳ್ಕೊಂಡು ಹೋಗೋಣ."

ದಿಣ್ಣೆ ಇಳಿಜಾರಿನಲ್ಲಿ ಗಾಡಿ ತಾನೇ ಉರುಳಿತು. ಮಟ್ಟದ ರಸ್ತೆಗೆ ಬಂದ ಮೇಲೆ ಅವನು ಹಿಡಿ ಹಿಡಿದ, ಅವಳು ಹಿಂದಿನಿಂದ ದೂಡಿದಳು. ದಾರಿಯಲ್ಲಿ ಸಿಕ್ಕ ಆವಲಪ್ಪ, "ಏನಣ್ಣ, ಕೈಕೊಡ್ತಾ? ನಾನು ಆವತ್ತೇ ಹೇಳಿದ್ನಲ್ಲ, ನೀರೆತ್ತೋ ತೊಗಲು ಅಂತ" ಎಂದ. ಓಡುವ ಗಾಡಿಯನ್ನು ತಳ್ಳಿಕೊಂಡು ಮನೆ ಸೇರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಅಂಗಳದಲ್ಲಿ ಮುನಿಶಾಮಿ ಟ್ಯಾಂಕಿನಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಬಾಟಲಿಗೆ ಬಸಿದ. ಅಕ್ಕಯಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಕೋಲಾರಕ್ಕೆ ಹೋಗೋಕೆ ಸಾಲತ್ತಾ?"

"ಹೋಗೋಕೆ ಸಾಲತ್ತೆ. ದಿಣ್ಣೆಗೆ ಜಾಸ್ತಿ ಕುಡೀಲಿಲ್ಲ."

ಅವಳು ಅದರ ಬಾಯಿಗೆ ಬಿರಟೆ ಜಡಿದು, ಕತ್ತಿಗೆ ದಾರ ಕಟ್ಟಿ, ಹೊರಬಾಗಿಲ ಒಳಮಗ್ಗುಲಿನ ಎತ್ತರದ ಗೂಟಕ್ಕೆ ನೇತುಹಾಕಿದಳು.

ಒಳಗೆ ಬರುವಾಗ ಆವಲಮ್ಮ ಕೂಗಿದಳು. "ಏನೇ ಅದು ಕಾಲಲ್ಲಿ? ಅಯ್ಯೋ, ಹೊಪ್ಪಳ ಎದ್ದಿದೆಯಲ್ಲೇ! ಬಿಸಿ ಕೊಳವೆಗೆ ಕಾಲು ತಾಗಿಸ್ಕೊಂಡು ಕೂತಿದ್ದೀಯ. ಗೊತ್ತಾಗ್ಲಿಲ್ವಾ?"

ಅಕ್ಕಯಮ್ಮ ಬಗ್ಗಿ ನೋಡಿದಳು. ಮೀನಖಂಡದ ಮೇಲೆ ಅಂಗೈಯಷ್ಟಗಲ ಚರ್ಮ ಬೆಂದಿತ್ತು.

"ಗೊತ್ತಾಗ್ಲಿಲ್ಲ ಅತ್ತೆ."

ಮುದುಕಿ ಅವಳನ್ನು ಕೂರಿಸಿ, ಮಡಕೆಯ ತಳದಲ್ಲಿ ಉಳಿದಿದ್ದ ಹರಳೆಣ್ಣೆಯನ್ನು ಬೆರಳಲ್ಲಿ ಬಳಿದು, ಉಫ್ ಉಫ್ ಎಂದು ಊದುತ್ತಾ ಹಚ್ಚಿದಳು. ಅಂಜಿಯ ನೆತ್ತಿಗೆ ತಟ್ಟುತ್ತಿದ್ದ ಅದೇ ಕೈ.

"ಉರೀತದಾ?"

ಮೊದಲು ಇಲ್ಲ ಎಂದಳು. ಆಮೇಲೆ ಎಲ್ಲೋ ದೂರದಿಂದ, ಬರಬೇಕೋ ಬೇಡವೋ ಎನ್ನುವ ಹಾಗೆ ಉರಿ ಬಂತು.

"ಉರೀತದೆ" ಎಂದಳು. "ಉರೀತದೆ ಅತ್ತೆ. ಉರೀತದೆ." ಅನ್ನುತ್ತಾ ಅನ್ನುತ್ತಾ ಅವಳಿಗೆ ಅಳು ಉಕ್ಕಿ ಬಂತು. ಅಂಗಳದಲ್ಲಿ ಮುನಿಶಾಮಿ ಬಟ್ಟೆ ಹಿಂಡುತ್ತಿದ್ದವನು ಹಾಗೇ ನಿಂತುಬಿಟ್ಟ.

ಸೋಮವಾರ ಸೀನಪ್ಪ ಗಾಡಿ ಕಟ್ಟಿಕೊಂಡು ಬಂದ. ಅಕ್ಕ ಕುಂಟುತ್ತಾ ಮುದ್ದೆ ಬಡಿಸಿದಳು. ಸಾರಿಗೆ ಒಗ್ಗರಣೆ ಬಿದ್ದಿತ್ತು.

"ಗಂಟು ಕಟ್ಟಿದ್ದೀಯಾ ಅಕ್ಕ?"

"ಕಾಲು ಮಾಯಲಿ. ಆಮೇಲೆ ನಾಲ್ಕು ದಿನ ಬಂದು ಹೋಗ್ತೀನಿ."

ಸೀನಪ್ಪ ಆವಲಮ್ಮನ ಕಡೆ ನೋಡಿದ. ಅವಳು ಕೇಳಿಸದವಳ ಹಾಗೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಕೈ ತೊಳೆದು ಹೊರಡುವಾಗ ಅವನು ಬಾಗಿಲ ಬಳಿ ಗೂಟದ ಬಾಟಲಿಗೆ ಕೈ ಹಾಕಿದ.

"ಇದೇನಕ್ಕ, ಎಣ್ಣೇನಾ? ಗಾಡಿ ಅಚ್ಚಿಗೆ ಒಂಚೂರು ಹಾಕ್ಕೊಳ್ಲಾ?"

"ಮುಟ್ಟಬೇಡ" ಎಂದಳು ಅಕ್ಕಯಮ್ಮ. "ಅದು ಒಂದು ಸಲ ಹೋಗೋಕೆ ಮಾತ್ರ ಇರೋದು."

"ಯಾರು ಹೋಗೋಕೆ?"

"ಯಾರ ಮನೆ ಕೂಸೋ, ಯಾರಿಗೆ ಗೊತ್ತು. ಬಂದು ಕೂಗ್ಲಿ, ಇವನು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ."